ಗೆಟಿಸ್‌ಬರ್ಗ್‌ನ ದಾದಿ ಕಾರ್ನೀಲಿಯಾ ಹ್ಯಾನ್‌ಕಾಕ್: ಯುದ್ಧವನ್ನೇ ಒಪ್ಪದ ಪಂಥದ ಹೆಣ್ಣುಮಗಳು ರಣರಂಗಕ್ಕೆ ಹೋದದ್ದು

ಅತ್ತಾವರದ ಓದುಗ (ಚರ್ಚೆಯ ಆರಂಭ)

ಮಾನ್ಯರೇ, ದಾದಿಯರ ಸೇವೆಯೂ ಧರ್ಮಶ್ರದ್ಧೆಯೂ ಒಂದೇ ಅಂಗಳದಲ್ಲಿ ಬೆಳೆದ ಊರು ನಮ್ಮದು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಔಷಧ ಕೊಡಲು ಆರಂಭಿಸಿದ್ದು, ಉಡುಪಿಯಲ್ಲಿ ಡಾ. ಈವಾ ಲೊಂಬಾರ್ಡ್ ಅವರು 1923ರಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದದ್ದು ಇಲ್ಲಿಯವರೆಲ್ಲರಿಗೂ ಗೊತ್ತಿರುವ ಸಂಗತಿ. ಆದುದರಿಂದ ದೂರದ ದೇಶದ ಒಬ್ಬ ದಾದಿಯ ಬದುಕನ್ನು ನಿಮ್ಮ ಮುಂದಿಟ್ಟರೆ ಅದನ್ನು ಬರಿಯ ಹೊಗಳಿಕೆಯಲ್ಲಿ ಮುಗಿಸದೆ, ಅದರೊಳಗಿನ ಕಷ್ಟದ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೀರಿ ಎಂಬ ಭರವಸೆ ನನಗಿದೆ.

ಕಾರ್ನೀಲಿಯಾ ಹ್ಯಾನ್‌ಕಾಕ್ ಅವರು 1840ರ ಫೆಬ್ರವರಿ 8ರಂದು ಅಮೆರಿಕದ ನ್ಯೂಜೆರ್ಸಿಯ ಹ್ಯಾನ್‌ಕಾಕ್ಸ್ ಬ್ರಿಜ್ ಎಂಬ ಹಳ್ಳಿಯಲ್ಲಿ ಕ್ವೇಕರ್ ಮನೆತನದಲ್ಲಿ ಹುಟ್ಟಿದರು. ಕ್ವೇಕರರು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಅವರ ಬೋಧನೆಯಿಂದ ರೂಪುಗೊಂಡ ಕ್ರೈಸ್ತ ಸಮುದಾಯ. ಅವರ ಸಾಂಪ್ರದಾಯಿಕ ಸಭೆಗೆ ಸಂಬಳದ ಪಾದ್ರಿಯಿಲ್ಲ, ಪೂಜಾವಿಧಿಯಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ, ಒಳಗಿನಿಂದ ಪ್ರೇರಣೆಯಾದವರು ಗಂಡಸಾಗಲಿ ಹೆಂಗಸಾಗಲಿ ಎದ್ದು ನಾಲ್ಕು ಮಾತು ಆಡುತ್ತಾರೆ. ಅಮೆರಿಕ ಸ್ವತಂತ್ರವಾದ 1776ರಲ್ಲೇ ಫಿಲಡೆಲ್ಫಿಯಾದ ಕ್ವೇಕರರು ತಮ್ಮ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಬಾರದೆಂದು ಕಟ್ಟುನಿಟ್ಟು ಮಾಡಿದ್ದರು. ಆಯುಧ ಹಿಡಿಯಬಾರದೆಂಬ ನಿಯಮವಂತೂ ಅದಕ್ಕಿಂತಲೂ ಹಳೆಯದು.

1861ರಲ್ಲಿ, ಕಪ್ಪು ಜನರ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಉತ್ತರದ ರಾಜ್ಯಗಳಿಗೂ ನಡುವೆ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಈ ಎರಡು ನಂಬಿಕೆಗಳು ಒಂದಕ್ಕೊಂದು ಎದುರಾದವು. ಗುಲಾಮಗಿರಿ ಅಳಿಯಬೇಕು, ಆದರೆ ಕೊಲ್ಲಬಾರದು ಎಂಬ ಇಕ್ಕಟ್ಟಿನಲ್ಲಿ ಅನೇಕ ಕ್ವೇಕರ್ ಯುವಕರು ಹಿರಿಯರ ಮಾತನ್ನು ಮೀರಿ ಉತ್ತರದ ಸೇನೆಯನ್ನು ಸೇರಿದರು. ಕಾರ್ನೀಲಿಯಾ ಅವರ ಒಬ್ಬನೇ ಸಹೋದರನೂ ಬಂಧುಬಳಗದ ಗಂಡಸರೂ ಹೊರಟುಹೋದ ಮೇಲೆ, ತಾನೂ ಹೋಗಬೇಕೆಂದು ಅವರು ನಿರ್ಧರಿಸಿದರು. ಅಕ್ಕನ ಗಂಡ ಡಾ. ಹೆನ್ರಿ ಚೈಲ್ಡ್ ಅವರು ಫಿಲಡೆಲ್ಫಿಯಾದಿಂದ ಸ್ವಯಂಸೇವಕ ವೈದ್ಯರಾಗಿ ಹೊರಟಾಗ ಇವರನ್ನೂ ಕರೆಸಿಕೊಂಡರು. ಆಗ ಇವರ ವಯಸ್ಸು 23.

ಸೇನೆಯ ದಾದಿಯರ ಮೇಲ್ವಿಚಾರಕಿಯಾಗಿದ್ದ ಡೊರೋಥಿಯಾ ಡಿಕ್ಸ್ ಅವರು ಮೂವತ್ತು ದಾಟಿದ, ಸಾದಾ ರೂಪದ, ಕಪ್ಪು ಅಥವಾ ಕಂದು ಉಡುಪಿನ ಹೆಂಗಸರನ್ನು ಮಾತ್ರ ಒಪ್ಪುತ್ತಿದ್ದರು. ಬಾಲ್ಟಿಮೋರ್ ನಿಲ್ದಾಣದಲ್ಲಿ ಹೊರಟಿದ್ದ ಹೆಂಗಸರನ್ನೆಲ್ಲ ನೋಡಿ, ಕಾರ್ನೀಲಿಯಾ ಒಬ್ಬರನ್ನು ಮಾತ್ರ ಎಳೆಯ ವಯಸ್ಸು ಮತ್ತು ಕೆಂಪು ಕೆನ್ನೆಯ ಕಾರಣಕ್ಕೆ ಬೇಡವೆಂದರು. ಉಳಿದವರು ವಾದಿಸುತ್ತಿರುವಾಗ ಕಾರ್ನೀಲಿಯಾ ರೈಲು ಹತ್ತಿ ಕುಳಿತರು. ರೈಲು ಹೊರಡುವವರೆಗೂ ಏಳಲಿಲ್ಲ. ಹೀಗೆ ಯಾರ ನೇಮಕವೂ ಇಲ್ಲದೆ, ಸಂಬಳವೂ ಇಲ್ಲದೆ, ಅವರು 1863ರ ಜುಲೈ 6ರ ರಾತ್ರಿ ಪೆನ್ಸಿಲ್ವೇನಿಯಾ ರಾಜ್ಯದ ಗೆಟಿಸ್‌ಬರ್ಗ್ ಮುಟ್ಟಿದರು.

ಅಲ್ಲಿ ಮೂರು ದಿನಗಳ ಕದನ ಮುಗಿದು ಮೂರು ದಿನವಾಗಿತ್ತು. ಸುಮಾರು 2,400 ಜನರ ಪುಟ್ಟ ಪಟ್ಟಣದಲ್ಲಿ ಎರಡೂ ಕಡೆಯ ಇಪ್ಪತ್ತು ಸಾವಿರದಷ್ಟು ಗಾಯಾಳುಗಳು ಉಳಿದಿದ್ದರು. ಸೇನೆ ಶತ್ರುವನ್ನು ಬೆನ್ನಟ್ಟಿ ಹೊರಟಿತ್ತು. ಮುಂದೆ ಇನ್ನೊಂದು ಕದನ ನಡೆಯಬಹುದೆಂದು ಹೆಚ್ಚಿನ ವೈದ್ಯರೂ ಅದರ ಜೊತೆಗೇ ಹೋಗಿದ್ದರು. ಇಷ್ಟು ಮಂದಿಗೆ ಉಳಿದ ಸೇನಾ ವೈದ್ಯರು ನೂರರ ಆಸುಪಾಸು.

ನನ್ನ ಪ್ರಶ್ನೆ ಇದು. ಯುದ್ಧವನ್ನೇ ಪಾಪವೆಂದು ನಂಬಿದ ಪಂಥದ ಹೆಣ್ಣುಮಗಳು ಯುದ್ಧದ ಬೆನ್ನಿಗೇ ಹೋಗಿ ಸೈನಿಕರ ಆರೈಕೆ ಮಾಡಿದ್ದು ಆ ನಂಬಿಕೆಯ ಮುಂದುವರಿಕೆಯೋ, ಅದರ ಉಲ್ಲಂಘನೆಯೋ?

ಕಾರ್ಕಳದ ಅಧ್ಯಾಪಕ

ಓದುಗರೇ, ವಿಷಯವನ್ನು ಮುಂದಿಟ್ಟದ್ದಕ್ಕೆ ಕೃತಜ್ಞತೆಗಳು. ನಾನು ಜೈನ ಮನೆತನದವನು. ಅಹಿಂಸೆಯನ್ನು ಉಪದೇಶಕ್ಕಿಂತ ಹೆಚ್ಚಾಗಿ ಅಡುಗೆಮನೆಯ ಶಿಸ್ತಾಗಿ, ದಿನಚರಿಯ ಲೆಕ್ಕವಾಗಿ ನೋಡುತ್ತಲೇ ಬೆಳೆದವನು. ಆದ್ದರಿಂದ ನನ್ನ ಆಕ್ಷೇಪವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ.

ಕ್ವೇಕರರು 1661ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ನಿಗೆ ಕೊಟ್ಟ ಹೇಳಿಕೆಯಲ್ಲಿ, ಯಾವ ಉದ್ದೇಶಕ್ಕಾಗಿಯೂ, ಯಾವ ನೆಪದಿಂದಲೂ ಹೊರಗಿನ ಆಯುಧಗಳಿಂದ ಹೋರಾಡುವುದಿಲ್ಲವೆಂದು ತಿಳಿಸಿದ್ದರು. ಗಾಯ ಮಾಸಿದ ಸೈನಿಕನು ಮತ್ತೆ ಬಂದೂಕು ಹಿಡಿಯುತ್ತಾನೆ. ಅವನನ್ನು ಗುಣಪಡಿಸಿದವರಿಗೂ ಆ ಬಂದೂಕಿಗೂ ಸಂಬಂಧವೇ ಇಲ್ಲವೆಂದು ಹೇಳಲು ನನಗೆ ಧೈರ್ಯ ಬರುವುದಿಲ್ಲ. ಗಾಂಧೀಜಿಯವರು ಬೋಯರ್ ಯುದ್ಧದ ಕಾಲದಲ್ಲಿ, 1899ರ ಕೊನೆಗೆ, ದಕ್ಷಿಣ ಆಫ್ರಿಕದಲ್ಲಿ ಸುಮಾರು 1,100 ಭಾರತೀಯರ ದಳ ಕಟ್ಟಿ ಗಾಯಾಳುಗಳನ್ನು ಹೊತ್ತರು. ಆದರೆ ಯುದ್ಧದಲ್ಲಿ ಗಾಯಾಳುಗಳ ಆರೈಕೆಗೆ ಮಾತ್ರ ನಿಂತವರೂ ಯುದ್ಧದ ದೋಷದಿಂದ ಮುಕ್ತರಲ್ಲವೆಂದು ಮುಂದೆ ಬರೆದವರೂ ಅವರೇ. ಆ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ. ಕಾರ್ನೀಲಿಯಾ ಅವರು ಈ ಇಕ್ಕಟ್ಟನ್ನು ಎದುರಿಸಿದ್ದಾರೆಯೇ, ಅಥವಾ ತಮ್ಮವರು ಹೋದರೆಂದು ತಾವೂ ಹೋದರೇ?

ಕಂಕನಾಡಿಯ ನಿವೃತ್ತ ದಾದಿ

ಮಾಸ್ತರರ ಪ್ರಶ್ನೆ ಗೌರವಯುತವಾದದ್ದು. ಆದರೆ ವಾರ್ಡಿನಲ್ಲಿ ನಿಂತವರಿಗೆ ಆ ಪ್ರಶ್ನೆ ಅದೇ ಕ್ರಮದಲ್ಲಿ ಎದುರಾಗುವುದಿಲ್ಲ. ನಾನು ನನ್ನ ವೃತ್ತಿಯ ಹೆಚ್ಚಿನ ಕಾಲವನ್ನು ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲೇ ಕಳೆದವಳು. ಕಾಲು ಕತ್ತರಿಸಿದ ರೋಗಿಯ ಡ್ರೆಸ್ಸಿಂಗ್ ಬಿಚ್ಚುವಾಗ ಗಾಯಕ್ಕೆ ಒಣಗಿ ಅಂಟಿದ ಗಾಜ್ ಬಟ್ಟೆಯನ್ನು ಮೊದಲು ಸಲೈನ್ ಹಾಕಿ ತೋಯಿಸುತ್ತೇವೆ. ಅವಸರದಿಂದ ಎಳೆದರೆ ಹೊಸದಾಗಿ ಮೂಡಿದ ಚರ್ಮವೂ ಅದರ ಜೊತೆಗೆ ಬಂದುಬಿಡುತ್ತದೆ. ಆ ಹೊತ್ತಿನಲ್ಲಿ ರೋಗಿಯು ನಮ್ಮ ಕೈಯನ್ನು ನೋಡುವುದಿಲ್ಲ, ಮುಖವನ್ನೇ ನೋಡುತ್ತಿರುತ್ತಾನೆ. ನಮ್ಮ ಮುಖದಲ್ಲಿ ಹೇಸಿಗೆಯ ಒಂದು ಗೆರೆ ಮೂಡಿದರೂ ಅವನು ಕುಗ್ಗಿಹೋಗುತ್ತಾನೆ. ಅವನು ಯಾರು, ಗುಣವಾದ ಮೇಲೆ ಏನು ಮಾಡುತ್ತಾನೆ ಎಂಬ ಯೋಚನೆಗೆ ಅಲ್ಲಿ ಎಡೆಯೇ ಇರುವುದಿಲ್ಲ.

ಕಾರ್ನೀಲಿಯಾ ಅವರು ಕೆಲಸ ಮಾಡಿದ ಕಾಲವನ್ನೂ ನೆನಪಿನಲ್ಲಿಡಬೇಕು. ಅಮೆರಿಕದಲ್ಲಿ ನೈಟಿಂಗೇಲ್ ಅವರ ಮಾದರಿಯ ದಾದಿಯರ ಶಾಲೆಗಳು ಬಂದದ್ದು 1873ರಲ್ಲಿ. ಬ್ರಿಟನ್ನಿನ ಶಸ್ತ್ರವೈದ್ಯ ಲಿಸ್ಟರ್ ಅವರು ಕಾರ್ಬಾಲಿಕ್ ಆಮ್ಲದಿಂದ ಗಾಯ ಶುದ್ಧಗೊಳಿಸುವ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ. ಅಂದರೆ 1863ರಲ್ಲಿ ಒಂದೇ ಬಕೆಟ್ಟಿನ ನೀರು, ಒಂದೇ ಸ್ಪಂಜು ಒಬ್ಬನ ಗಾಯದಿಂದ ಇನ್ನೊಬ್ಬನ ಗಾಯಕ್ಕೆ ಹೋಗುತ್ತಿತ್ತು. ಮಿನಿಯೆ ಗುಂಡು ಎಂಬ ಮೆತ್ತಗಿನ ಸೀಸದ ಗುಂಡು ಎಲುಬಿಗೆ ತಗುಲಿದರೆ ಅದನ್ನು ಪುಡಿಪುಡಿ ಮಾಡುತ್ತಿದ್ದುದರಿಂದ, ಜೀವ ಉಳಿಸಲು ಕೈಯನ್ನೋ ಕಾಲನ್ನೋ ಕತ್ತರಿಸುವುದೇ ದಾರಿಯಾಗಿತ್ತು. ಕ್ಲೋರೋಫಾರ್ಮ್ ಇತ್ತು, ಈಥರ್ ಇತ್ತು, ಸೂಕ್ಷ್ಮಾಣುಗಳ ತಿಳಿವಳಿಕೆ ಇರಲಿಲ್ಲ. ಇಂಥ ಕಡೆಗೆ ತರಬೇತಿಯಿಲ್ಲದ ಹುಡುಗಿಯೊಬ್ಬಳು ಬಂದು ಏನು ಮಾಡಿರಬಹುದೆಂಬ ಕುತೂಹಲ ನನಗಿದೆ. ಓದುಗರು ಅದನ್ನು ಬಿಡಿಸಿ ಬರೆಯಬೇಕೆಂದು ಕೋರುತ್ತೇನೆ.

ಅತ್ತಾವರದ ಓದುಗ

ಸಿಸ್ಟರ್, ಅವರು ಮನೆಯವರಿಗೆ ಬರೆದ ಪತ್ರಗಳು ಉಳಿದಿರುವುದರಿಂದ ಇದಕ್ಕೆ ಉತ್ತರ ಸಿಗುತ್ತದೆ. ಮೊದಲ ರಾತ್ರಿ ಅವರು ಕಂಡದ್ದು ಒಂದು ಚರ್ಚು. ಬೆಂಚುಗಳ ಮೇಲೆ ಅಡ್ಡಹಲಗೆ ಹಾಕಿ ಅದರ ಮೇಲೆ ಗಾಯಾಳುಗಳನ್ನು ಮಲಗಿಸಿದ್ದರು. ಮರುದಿನ ಬೆಳಗ್ಗೆ ಎಂಟಕ್ಕೆ ಅವರು ಆಂಬುಲೆನ್ಸ್ ಗಾಡಿಯೊಂದನ್ನು ಹತ್ತಿ, ಎರಡನೆಯ ದಳದ ಮೂರನೆಯ ವಿಭಾಗದವರನ್ನು ಇರಿಸಿದ್ದ ಕಾಡಿನ ತುಣುಕಿಗೆ ಹೋದರು. ಸುಮಾರು ಐದುನೂರು ಜನ ನೆಲದ ಮೇಲೆಯೇ ಮಲಗಿದ್ದರು; ಗಾಯಕ್ಕೆ ಪಟ್ಟಿ ಕಟ್ಟಲೆಂದು ಬಟ್ಟೆಗಳನ್ನು ಕತ್ತರಿಸಿದ್ದರಿಂದ ಅರೆಬತ್ತಲೆಯಾಗಿದ್ದರು. ತಿನ್ನಲು ಗಟ್ಟಿ ಬಿಸ್ಕತ್ತು, ಅದರ ಮೇಲೆ ದಾನಿಗಳು ತಂದುಕೊಟ್ಟದ್ದು ಎಷ್ಟೋ ಅಷ್ಟು. ಕದನದ ನಂತರ ಆ ದಳದ ಆಸ್ಪತ್ರೆಯನ್ನು ಮುಟ್ಟಿದ ಮೊದಲ ಹೆಂಗಸು ತಾನೆಂದೂ, ಅರ್ಧ ಮೈಲಿಯೊಳಗೆ ಇನ್ನೊಬ್ಬ ಹೆಂಗಸು ಇರಲಿಲ್ಲವೆಂದೂ ಅವರು ಬರೆದಿದ್ದಾರೆ.

ಮರಗಳ ಕೆಳಗೆ ಒಂದು ಉದ್ದ ಮೇಜು ಹಾಕಲಾಗಿತ್ತು. ಅದೇ ಶಸ್ತ್ರಚಿಕಿತ್ಸೆಯ ಜಾಗ. ಏಳು ದಿನ ಅದರ ಮೇಲೆ ರಕ್ತ ಹರಿಯಿತೆಂದು ಅವರು ನೆನೆಯುತ್ತಾರೆ. ಪಕ್ಕದಲ್ಲಿ ನಿಂತ ಗಾಡಿಯೊಂದರಲ್ಲಿ ಕತ್ತರಿಸಿದ ಕೈಕಾಲುಗಳು ತುಂಬುತ್ತಿದ್ದವು. ಬದುಕುವ ಆಸೆಯಿಲ್ಲವೆಂದು ವೈದ್ಯರು ಕೈಬಿಟ್ಟವರನ್ನು ಒಂದು ಬದಿಗೆ ಬೇರೆಯಾಗಿ ಮಲಗಿಸಿದ್ದರು. ಕಾರ್ನೀಲಿಯಾ ಅವರಿಗೆ ಗಾಯ ಕಟ್ಟಲು ಬರುತ್ತಿರಲಿಲ್ಲ. ಅವರು ಕಾಗದ ಮತ್ತು ಪೆನ್ಸಿಲ್ ತೆಗೆದುಕೊಂಡು ಸಾಯುತ್ತಿದ್ದವರ ಬಳಿ ಕುಳಿತು, ತಾಯಿಗೋ ಹೆಂಡತಿಗೋ ಅವರು ಹೇಳಿದ ಮಾತುಗಳನ್ನು ಬರೆದುಕೊಂಡರು. ಆಮೇಲೆ ದಾನದ ಪೆಟ್ಟಿಗೆಗಳಲ್ಲಿ ಬಂದ ರೊಟ್ಟಿಗೆ ಜೆಲ್ಲಿ ಹಚ್ಚಿ ಹಂಚಿದರು. ಪಟ್ಟಿ ಕಟ್ಟುವುದನ್ನು ಕಲಿತದ್ದು ಅದರ ನಂತರ. ಸರ್ಕಾರ ಬಹಳ ಶ್ರೀಮಂತ, ಆದರೆ ಬಹಳ ನಿಧಾನ; 1861ರಲ್ಲಿ ಸಾರ್ವಜನಿಕರ ವಂತಿಗೆಯಿಂದ ಎದ್ದುನಿಂತ, ಸೈನಿಕರ ನೆರವಿನ ಸಂಸ್ಥೆಯಾದ ಸ್ಯಾನಿಟರಿ ಕಮಿಷನ್ ಇರದಿದ್ದರೆ ಸಂಕಟ ಇನ್ನೂ ಹೆಚ್ಚುತ್ತಿತ್ತು ಎಂಬ ಅರ್ಥದ ಮಾತನ್ನು ಅವರು ಆ ತಿಂಗಳಲ್ಲೇ ಬರೆದರು. ಇನ್ನು ಮುಂದೆ ತನಗೆ ಏನಾದರೂ ತಾನು ಬೆಚ್ಚಿಬೀಳಲಾರೆ ಎಂದು ಬರೆದದ್ದೂ ಆಗಲೇ.

ಆ ವಿಭಾಗದ ಗಾಯಾಳುಗಳು ಹಣ ಕೂಡಿಸಿ ಅವರಿಗೊಂದು ಬೆಳ್ಳಿಯ ಪದಕವನ್ನು ಮಾಡಿಸಿಕೊಟ್ಟರು.

ಬೆಂದೂರಿನ ಸದಸ್ಯೆ

ಇಲ್ಲೊಂದು ವಿಷಯವನ್ನು ಸೇರಿಸಬೇಕೆನಿಸುತ್ತದೆ. ಗೆಟಿಸ್‌ಬರ್ಗ್‌ನಿಂದ ಹತ್ತು ಮೈಲಿಯಷ್ಟು ದಕ್ಷಿಣಕ್ಕೆ ಎಮಿಟ್ಸ್‌ಬರ್ಗ್ ಎಂಬ ಊರಿದೆ. ಎಲಿಜಬೆತ್ ಸೀಟನ್ ಅವರು 1809ರಲ್ಲಿ ಅಲ್ಲಿ ಕಟ್ಟಿದ ಕನ್ಯಾಸ್ತ್ರೀಯರ ಸಂಘವು ಮುಂದೆ ಡಾಟರ್ಸ್ ಆಫ್ ಚಾರಿಟಿ ಸಂಘದೊಡನೆ ಒಂದಾಯಿತು. ಕದನ ಮುಗಿದ ಕೂಡಲೇ ಆ ಸಿಸ್ಟರುಗಳು ಫಾದರ್ ಬರ್ಲಾಂಡೊ ಅವರೊಂದಿಗೆ ಗಾಡಿಗಳಲ್ಲಿ ಪಟ್ಟಿಬಟ್ಟೆ ಮತ್ತು ಆಹಾರ ತುಂಬಿಕೊಂಡು ರಣರಂಗಕ್ಕೆ ಬಂದರು. ಆ ಯುದ್ಧದಲ್ಲಿ ಬೇರೆ ಬೇರೆ ಸಂಘಗಳ ಆರುನೂರಕ್ಕೂ ಹೆಚ್ಚು ಕನ್ಯಾಸ್ತ್ರೀಯರು ಎರಡೂ ಕಡೆಯವರ ಆರೈಕೆ ಮಾಡಿದ್ದಾರೆ.

ನನಗೆ ಕಾಣುವ ವ್ಯತ್ಯಾಸ ಇಷ್ಟು. ಅವರ ಬೆನ್ನಿಗೆ ಸಂಘವಿತ್ತು, ವ್ರತವಿತ್ತು, ಆಸ್ಪತ್ರೆ ನಡೆಸಿದ ಅನುಭವವಿತ್ತು. ಮೇಲಿನವರು ಹೋಗಿ ಎಂದಾಗ ಹೋದರು, ಬನ್ನಿ ಎಂದಾಗ ಮರಳಿದರು. ಕಾರ್ನೀಲಿಯಾ ಅವರನ್ನು ಭಾವ ಕರೆದದ್ದು ಬಿಟ್ಟರೆ, ಹೋಗೆಂದು ಆಜ್ಞೆ ಕೊಟ್ಟವರೂ ಇಲ್ಲ, ಮರಳಿ ಬಾ ಎಂದವರೂ ಇಲ್ಲ. ಸಭೆಯ ಮೌನದಲ್ಲಿ ಕುಳಿತು ತನ್ನ ಮನಸ್ಸಿಗೆ ತೋರಿದ್ದನ್ನೇ ಆಜ್ಞೆಯೆಂದು ಭಾವಿಸುವ ಪಂಥದವರಿಗೆ ಅದು ಸಹಜವೇ ಇರಬಹುದು. ಎಲ್ಲ ಹೊಣೆಯನ್ನೂ ಒಬ್ಬಳೇ ಹೊರುವುದು ಎಷ್ಟು ಭಾರವೆಂಬುದನ್ನೂ ಗಮನಿಸಬೇಕು.

ಉಡುಪಿಯ ನರ್ಸಿಂಗ್ ವಿದ್ಯಾರ್ಥಿನಿ

ಹಿರಿಯರೆಲ್ಲರಿಗೂ ನಮಸ್ಕಾರ. ಯುದ್ಧ ನಡೆದದ್ದು ಗುಲಾಮಗಿರಿಯ ಕಾರಣಕ್ಕೆ ಎಂದ ಮೇಲೆ, ಇಲ್ಲಿಯವರೆಗಿನ ಬರಹದಲ್ಲಿ ಒಬ್ಬ ಕಪ್ಪು ರೋಗಿಯೂ ಕಾಣಿಸಲಿಲ್ಲ. ಅವರು ಎಲ್ಲಿದ್ದರು? ಅವರನ್ನು ಯಾರು ನೋಡಿಕೊಂಡರು?

ಅತ್ತಾವರದ ಓದುಗ

ಈ ಪ್ರಶ್ನೆಯನ್ನೇ ನಾನು ಎದುರು ನೋಡುತ್ತಿದ್ದೆ, ತಂಗಿ. ಕಾರ್ನೀಲಿಯಾ ಅವರ ಕುರಿತ ಬರಹಗಳಲ್ಲಿ ಗೆಟಿಸ್‌ಬರ್ಗ್‌ಗೂ ಆ ಪದಕಕ್ಕೂ ಸಿಗುವ ಜಾಗ ನಂತರದ ಚಳಿಗಾಲಕ್ಕೆ ಸಿಗುವುದಿಲ್ಲ. ನನ್ನ ದೃಢವಾದ ಅಭಿಪ್ರಾಯದಲ್ಲಿ ಅವರ ಬದುಕಿನ ತಿರುವು ಇರುವುದು ಆ ಚಳಿಗಾಲದಲ್ಲೇ.

ಯುದ್ಧ ಆರಂಭವಾದ ಮೇಲೆ ಸಾವಿರಾರು ಗುಲಾಮರು ಒಡೆಯರ ತೋಟಗಳನ್ನು ಬಿಟ್ಟು ಉತ್ತರದ ಸೇನೆಯ ಶಿಬಿರಗಳಿಗೆ ಓಡಿಬರತೊಡಗಿದರು. ಅವರನ್ನು ಒಡೆಯರಿಗೆ ಹಿಂದಿರುಗಿಸದೆ ಇರಲು 1861ರ ಮೇ ತಿಂಗಳಲ್ಲಿ ಜನರಲ್ ಬೆಂಜಮಿನ್ ಬಟ್ಲರ್ ಅವರು ಒಂದು ಕಾನೂನಿನ ದಾರಿ ಹುಡುಕಿದರು. ಶತ್ರುವಿನ ಆಸ್ತಿಯನ್ನು ಯುದ್ಧದಲ್ಲಿ ವಶಪಡಿಸಿಕೊಳ್ಳಬಹುದಾದರೆ ಇವರನ್ನೂ ಹಾಗೆಯೇ ಉಳಿಸಿಕೊಳ್ಳಬಹುದು ಎಂಬ ವಾದ ಅದು. ಅದರಿಂದ ಅವರು ಒಡೆಯರ ಕೈಯಿಂದ ಪಾರಾದರು, ಆದರೆ ವಶಪಡಿಸಿಕೊಂಡ ಸರಕು ಎಂಬ ಅರ್ಥದ ‘ಕಾಂಟ್ರಾಬ್ಯಾಂಡ್’ ಹೆಸರು ಅವರಿಗೆ ಅಂಟಿಕೊಂಡಿತು. ವಾಷಿಂಗ್ಟನ್ ನಗರದಲ್ಲಿ 1862ರ ಏಪ್ರಿಲ್‌ನಲ್ಲಿ ಗುಲಾಮಗಿರಿ ರದ್ದಾದ ಮೇಲಂತೂ ಅಲ್ಲಿಗೆ ಬರುವವರು ಇನ್ನೂ ಹೆಚ್ಚಿದರು. ನಗರದ ಉತ್ತರದ ಅಂಚಿನಲ್ಲಿ, ಕೆಸರಿನ ಬಯಲಿನಲ್ಲಿ, ಒರಟು ಹಲಗೆಯ ಷೆಡ್ಡುಗಳಲ್ಲಿ ಅವರಿಗೊಂದು ಆಸ್ಪತ್ರೆ ಇತ್ತು.

1863ರ ಶರತ್ಕಾಲದಲ್ಲಿ ಕಾರ್ನೀಲಿಯಾ ಅವರು ಅಲ್ಲಿಗೆ ಹೋದರು. ಅವರ ನವೆಂಬರ್ ತಿಂಗಳ ಪತ್ರವೊಂದು ಪರಿಚಿತರಿಂದ ನೆರವು ಕೇಳಿ ಬರೆದದ್ದು. ಇಲ್ಲಿಯ ಸ್ಥಿತಿಯನ್ನು ವರ್ಣಿಸಿದರೆ ಯಾರೂ ನಂಬಲಾರರು ಎಂದು ಅದರಲ್ಲಿ ಹೇಳುತ್ತಾರೆ. ವಾಷಿಂಗ್ಟನ್ ಸುತ್ತಮುತ್ತ ಕೆಲಸ ಮಾಡುವ ಕಪ್ಪು ಜನರಲ್ಲಿ ಯಾರಿಗೆ ಏನು ಅಪಘಾತವಾದರೂ, ಯಾರು ಮುಪ್ಪಿನಿಂದ, ಅಂಗವೈಕಲ್ಯದಿಂದ, ರೋಗದಿಂದ ಬಿದ್ದುಹೋದರೂ ಎಲ್ಲರೂ ಬಂದು ಸೇರುತ್ತಿದ್ದುದು ಅಲ್ಲಿಗೇ. ದಿನಕ್ಕೆ ಸರಾಸರಿ ಒಂದು ಹೆರಿಗೆ ಆಗುತ್ತಿತ್ತು. ಹುಟ್ಟಿದ ಮಗುವಿಗೆ ತೊಡಿಸಲು ಅಂಗಿಯಿಲ್ಲ. ಹಳೆಯ ಮಸ್ಲಿನ್ ಬಟ್ಟೆಯ ತುಂಡಿನಲ್ಲಿ ಸುತ್ತಬೇಕು, ಆ ತುಂಡೂ ಸಾಲದು. ಗೆಟಿಸ್‌ಬರ್ಗ್‌ಗೆ ದೇಶದ ಮೂಲೆಮೂಲೆಗಳಿಂದ ಪೆಟ್ಟಿಗೆಗಳು ಬಂದಿದ್ದವು. ಇಲ್ಲಿ ಮಗುವಿನ ಮೈಗೆ ಒಂದು ತುಂಡು ಬಟ್ಟೆಗಾಗಿ ಮನೆಮನೆಗೆ ಪತ್ರ ಬರೆದು ಬೇಡಬೇಕಾಯಿತು.

ಈಗ ಕಾರ್ಕಳದ ಮಾಸ್ತರರ ಪ್ರಶ್ನೆಗೆ ಬರುತ್ತೇನೆ. ಗಾಯಾಳು ಸೈನಿಕನ ಆರೈಕೆಯು ಸೇನೆಗೆ ನೆರವಾಗುತ್ತದೆ ಎಂಬ ನಿಮ್ಮ ಮಾತನ್ನು ಅಲ್ಲಗಳೆಯಲಾರೆ. ಆದರೆ ಸ್ವಯಂಸೇವಕಿಯಾಗಿದ್ದ, ಪದಕ ಪಡೆದು ಹೆಸರಾಗಿದ್ದ ಕಾರ್ನೀಲಿಯಾ ಅವರು ಆ ಚಳಿಗಾಲದಲ್ಲಿ ಬೇಕಾದಲ್ಲಿಗೆ ಹೋಗಬಹುದಿತ್ತು. ಅವರು ಹೋದದ್ದು ಸೇನೆಗೆ ಯಾವ ಪ್ರಯೋಜನವೂ ಇಲ್ಲದ ಮುದುಕರ, ಬಾಣಂತಿಯರ, ಹಸುಗೂಸುಗಳ ಬಳಿಗೆ. ಪಂಥದ ನಂಬಿಕೆ ಅವರಲ್ಲಿ ಕೆಲಸ ಮಾಡಿದ್ದನ್ನು ನಾನು ಕಾಣುವುದು ಇಲ್ಲಿ. ಕ್ವೇಕರರ ಮಾತಿನಲ್ಲಿ ದೇವರ ಬೆಳಕು ಪ್ರತಿಯೊಬ್ಬರಲ್ಲೂ ಇದೆ. ಅದನ್ನು ನಂಬಿದವರಿಗೆ ಆ ಷೆಡ್ಡುಗಳನ್ನು ಕಂಡು ಸುಮ್ಮನಿರುವುದು ಸಾಧ್ಯವಿರಲಿಲ್ಲ.

ಕಾರ್ಕಳದ ಅಧ್ಯಾಪಕ

ಈ ಭಾಗ ನನಗೆ ತಿಳಿದಿರಲಿಲ್ಲ. ಬರೆದದ್ದು ಬಹಳ ಉಪಕಾರವಾಯಿತು. ಆದರೂ 1864ರಲ್ಲಿ ಅವರು ಮತ್ತೆ ಸೇನೆಯ ಬಳಿಗೇ ಮರಳಿದರಲ್ಲವೇ? ಶತ್ರುಪಕ್ಷದ ಗಾಯಾಳುಗಳ ವಿಷಯದಲ್ಲಿ ಅವರ ಮನಸ್ಸು ಹೇಗಿತ್ತು? ಸಮಭಾವದ ಪರೀಕ್ಷೆ ನಡೆಯುವುದು ಅಲ್ಲಿಯೇ.

ಅತ್ತಾವರದ ಓದುಗ

ನಿಜ, ಮರಳಿದರು. 1864ರ ಫೆಬ್ರವರಿಯಲ್ಲಿ ವರ್ಜೀನಿಯಾದ ಬ್ರಾಂಡಿ ಸ್ಟೇಷನ್ನಿನ ಆಸ್ಪತ್ರೆಗೆ, ಮೇ ತಿಂಗಳಲ್ಲಿ ವೈಲ್ಡರ್‌ನೆಸ್ ಕದನದ ಗಾಯಾಳುಗಳಿಂದ ತುಂಬಿಹೋದ ಫ್ರೆಡೆರಿಕ್ಸ್‌ಬರ್ಗ್‌ಗೆ, ಅಲ್ಲಿಂದ ಸೇನೆ ಸಾಗಿದಂತೆ ವೈಟ್ ಹೌಸ್ ಲ್ಯಾಂಡಿಂಗ್‌ಗೆ, ಕೊನೆಗೆ ಸಿಟಿ ಪಾಯಿಂಟಿಗೆ. 1865ರಲ್ಲಿ ಯುದ್ಧ ಮುಗಿಯುವವರೆಗೂ ಅವರು ಸೇನೆಯ ಆಸ್ಪತ್ರೆಗಳಲ್ಲಿದ್ದರು.

ಶತ್ರುಪಕ್ಷದವರ ವಿಷಯದಲ್ಲಿ ಅವರ ಪತ್ರಗಳು ಎಲ್ಲೆಡೆಯೂ ಮೃದುವಾಗಿಲ್ಲ. ಗೆಟಿಸ್‌ಬರ್ಗ್‌ನಲ್ಲಿ ಶಸ್ತ್ರವೈದ್ಯರು ಕೈಕಾಲು ಕತ್ತರಿಸುವ ಕೆಲಸದಲ್ಲೇ ಮುಳುಗಿದ್ದ ಸುಮಾರು ಐದು ದಿನಗಳ ಕಾಲ ದಕ್ಷಿಣದ ಗಾಯಾಳುಗಳು ಪಟ್ಟಿಯಿಲ್ಲದೆ, ಹೆಚ್ಚುಕಡಿಮೆ ಅನ್ನವೂ ಇಲ್ಲದೆ ಸಾಯುವ ಸ್ಥಿತಿಯಲ್ಲಿ ಬಿದ್ದಿದ್ದರೆಂದು ಬರೆದು, ಈ ಕದನಕ್ಕೆ ಅವರು ಕಠಿಣ ಶಿಕ್ಷೆಯನ್ನೇ ಅನುಭವಿಸಿದರೆಂದು ಸೇರಿಸುತ್ತಾರೆ. ಆ ಮಾತಿನಲ್ಲಿ ಕನಿಕರಕ್ಕಿಂತ ತೀರ್ಪೇ ಹೆಚ್ಚು. ಅವರು ಉತ್ತರದ ಪಕ್ಷದವರೇ ಆಗಿದ್ದರು, ಗುಲಾಮಗಿರಿಯನ್ನು ದ್ವೇಷಿಸುತ್ತಿದ್ದರು. ಸಮಭಾವದ ಪರೀಕ್ಷೆಯಲ್ಲಿ ಅವರು ಪೂರ್ತಿ ಗೆದ್ದರೆಂದು ನಾನು ವಾದಿಸುವುದಿಲ್ಲ. ಸಂತರೆಂದು ತೋರಿಸುವ ಆಸೆಯಿಂದ ಆ ಸಾಲುಗಳನ್ನು ಮುಚ್ಚಿಡುವುದು ಅವರಿಗೂ ಓದುಗರಿಗೂ ಮಾಡುವ ಅನ್ಯಾಯ.

ಯುದ್ಧ ಮುಗಿದ ಮೇಲೆ ಹೆಚ್ಚಿನ ಸ್ವಯಂಸೇವಕಿಯರು ಮನೆಗೆ ಮರಳಿದರು. ಕಾರ್ನೀಲಿಯಾ ಅವರು 1866ರಲ್ಲಿ ಫಿಲಡೆಲ್ಫಿಯಾದ ಕ್ವೇಕರರ ನೆರವಿನಿಂದ, ಸೋತ ದಕ್ಷಿಣದ ಒಡಲೊಳಗೇ, ಚಾರ್ಲ್ಸ್‌ಟನ್ ಎದುರಿನ ಮೌಂಟ್ ಪ್ಲೆಸೆಂಟ್ ಎಂಬ ಊರಿಗೆ ಹೋಗಿ ಬಿಡುಗಡೆಯಾದ ಗುಲಾಮರ ಮಕ್ಕಳಿಗೆ ಶಾಲೆ ತೆರೆದರು. ಯುದ್ಧದಲ್ಲಿ ಹಾನಿಗೊಂಡಿದ್ದ ಚರ್ಚಿನ ಕಟ್ಟಡದಲ್ಲೇ ಪಾಠ ಆರಂಭವಾಯಿತು. ಸುಮಾರು ಹತ್ತು ವರ್ಷ ಅಲ್ಲಿ ಕಲಿಸಿದರು. ಅನಂತರ ಫಿಲಡೆಲ್ಫಿಯಾಕ್ಕೆ ಬಂದು 1878ರಲ್ಲಿ ಬಡವರ ನೆರವನ್ನು ಸಂಘಟಿಸುವ ಸಂಸ್ಥೆಯನ್ನೂ, 1882ರಲ್ಲಿ ಮಕ್ಕಳ ನೆರವಿನ ಸಂಸ್ಥೆಯನ್ನೂ ಕಟ್ಟುವುದರಲ್ಲಿ ಭಾಗಿಯಾದರು. ನಗರದ ದಕ್ಷಿಣದ ರೈಟ್ಸ್‌ವಿಲ್ ಎಂಬ ಕೊಳೆಗೇರಿಯಲ್ಲಿ ಕೆಲಸ ಮಾಡಿ ಅಲ್ಲಿಯವರ ವಸತಿಯನ್ನು ಸುಧಾರಿಸಿದರು. 1927ರ ಡಿಸೆಂಬರ್ 31ರಂದು, 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಮದುವೆಯಾಗಲಿಲ್ಲ.

ಕಂಕನಾಡಿಯ ನಿವೃತ್ತ ದಾದಿ

ಮಸ್ಲಿನ್ ಬಟ್ಟೆಯ ವಿಷಯ ಓದಿದಾಗ ನಾನು ಸ್ವಲ್ಪ ಹೊತ್ತು ಮುಂದೆ ಓದಲಾರದೆ ಕುಳಿತೆ. ಹುಟ್ಟಿದ ಮಗುವಿನ ಮೈಯ ಬಿಸಿ ಬೇಗ ಆರಿಹೋಗುತ್ತದೆ. ಒದ್ದೆ ಮೈಯನ್ನು ಒರೆಸಿ ಒಣಬಟ್ಟೆಯಲ್ಲಿ ಸುತ್ತುವುದು ಹೆರಿಗೆ ಕೋಣೆಯ ಮೊದಲ ಪಾಠ. ವಾಷಿಂಗ್ಟನ್ನಿನ ನವೆಂಬರ್ ಚಳಿಯಲ್ಲಿ, ಹಲಗೆಯ ಷೆಡ್ಡಿನಲ್ಲಿ ಒಣಬಟ್ಟೆ ಇಲ್ಲವೆಂದರೆ ಏನಾಗಿರಬಹುದೆಂದು ದಾದಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮಾಸ್ತರರೇ, ನಿಮ್ಮ ಪ್ರಶ್ನೆ ನನ್ನಲ್ಲೂ ಉಳಿದಿದೆ. ಆದರೆ ಬಟ್ಟೆ ಬೇಡಿ ಪತ್ರ ಬರೆದ ಆ ಕೈಯ ಮೇಲೆ ನನಗೆ ಪೂರ್ಣ ನಂಬಿಕೆಯಿದೆ.

ಕಾರ್ಕಳದ ಅಧ್ಯಾಪಕ

ನನಗೂ ಇದೆ, ಅಕ್ಕ. ಸೈನಿಕರ ಆರೈಕೆಯ ಕುರಿತು ನನ್ನ ಆಕ್ಷೇಪವನ್ನು ಹಿಂದಕ್ಕೆ ಪಡೆಯುವುದಿಲ್ಲ, ಏಕೆಂದರೆ ಅದು ಕಾರ್ನೀಲಿಯಾ ಅವರೊಬ್ಬರಿಗೆ ಸೇರಿದ್ದಲ್ಲ. ಕ್ವೇಕರರೇ ಮೊದಲ ಮಹಾಯುದ್ಧದ ಹೊತ್ತಿಗೆ, 1914ರಲ್ಲಿ, ಸೇನೆಯ ಹೊರಗೆ ನಿಂತು ಕೆಲಸ ಮಾಡುವ ತಮ್ಮದೇ ಆಂಬುಲೆನ್ಸ್ ದಳವನ್ನು ಕಟ್ಟಿಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದೇ ಹೆಸರಿನ ದಳದ ಒಂದು ತಂಡ 1942ರಲ್ಲಿ ಭಾರತಕ್ಕೆ ಬಂದು, ಹೊರೇಸ್ ಅಲೆಕ್ಸಾಂಡರ್ ಅವರ ಮುಂದಾಳುತನದಲ್ಲಿ ಬಂಗಾಳದ ಚಂಡಮಾರುತ ಮತ್ತು ಬರಗಾಲದ ಸಂತ್ರಸ್ತರಿಗಾಗಿ ದುಡಿಯಿತು. 1947ರ ನೊಬೆಲ್ ಶಾಂತಿ ಪ್ರಶಸ್ತಿ ಕ್ವೇಕರರ ಎರಡು ಸೇವಾ ಸಂಸ್ಥೆಗಳಿಗೆ ದೊರೆಯಿತು. ಸಮುದಾಯವೇ ಒಂದು ದಾರಿಯನ್ನು ಹುಡುಕುವ ಮೊದಲು, ಐವತ್ತು ವರ್ಷಗಳಷ್ಟು ಹಿಂದೆಯೇ ಆ ದಾರಿಯನ್ನು ಅವರೊಬ್ಬರೇ ತಡವರಿಸುತ್ತ ನಡೆದರೆಂದು ಒಪ್ಪುತ್ತೇನೆ.

ಉಡುಪಿಯ ನರ್ಸಿಂಗ್ ವಿದ್ಯಾರ್ಥಿನಿ

ಕೊನೆಯದಾಗಿ ಒಂದು ಮಾತು ಕೇಳುತ್ತೇನೆ. ಮೌಂಟ್ ಪ್ಲೆಸೆಂಟಿನ ಆ ಶಾಲೆ ಮುಂದೆ ಏನಾಯಿತು?

ಅತ್ತಾವರದ ಓದುಗ

ಅದು ಮುಚ್ಚಿಹೋಗಲಿಲ್ಲ, ತಂಗಿ. ಕ್ವೇಕರರ ನೆರವಿನ ಸಂಘದಲ್ಲಿ ಖಜಾಂಚಿಯಾಗಿದ್ದ ಹೆನ್ರಿ ಲೇಂಗ್ ಅವರ ಹೆಸರಿನಲ್ಲಿ ಅದು ಲೇಂಗ್ ಶಾಲೆ ಎನಿಸಿಕೊಂಡು ಹಲವು ತಲೆಮಾರುಗಳ ಕಪ್ಪು ಮಕ್ಕಳಿಗೆ ಓದು ಕಲಿಸಿತು. ಈಗಲೂ ಅದೇ ಊರಿನಲ್ಲಿ ಅದೇ ಹೆಸರಿನ ಸರ್ಕಾರಿ ಮಾಧ್ಯಮಿಕ ಶಾಲೆಯಿದೆ. ಇಂದು ಅಲ್ಲಿ ಎಲ್ಲ ಬಣ್ಣದ ಮಕ್ಕಳೂ ಓದುತ್ತಾರೆ.